ತಟ್ಟೆ ಮೀನಿನ ಬಾಣಂತನ

ಹಟ ಒಳ್ಳೆಯ ಗುಣವೋ ಕೆಟ್ಟದ್ದೋ ಎನ್ನುವುದು ಅದು ಯಾರ ಮನೆಯಲ್ಲಿದೆ ಎನ್ನುವುದರ ಮೇಲಿರುತ್ತದೆ. ಪಕ್ಕದ ಮನೆಯವನಲ್ಲಿದ್ದರೆ ಅದು ಮೊಂಡುತನ, ನಮ್ಮಲ್ಲಿದ್ದರೆ ಛಲ. ಈ ಮಾತನ್ನು ಒಪ್ಪದಿರುವವಳು ನನ್ನ ಹೆಂಡತಿ ಸರೋಜ ಒಬ್ಬಳೇ. ನನ್ನ ಛಲವನ್ನು ಅವಳು ಮದುವೆಯಾದಂದಿನಿಂದ ಒಂದು ಕಾಯಿಲೆಯೆಂದೇ ತಿಳಿದಿದ್ದಾಳೆ. "ಇವರಿಗೆ ಮತ್ತೆ ಬಂದೈತೆ ಅತ್ತೆ" ಎಂದು ಅವಳು ನನ್ನ ತಾಯಿಗೆ ಹೇಳುವ ಧಾಟಿ ಕೇಳಿದವರು ಚಳಿಜ್ವರವೆಂದೇ ಅಂದುಕೊಳ್ಳಬೇಕು. ಒಮ್ಮೆ ಬಂದಾಗ ನಾನು ಹಿತ್ತಿಲಲ್ಲಿ ದ್ರಾಕ್ಷಿ ಚಪ್ಪರ ಹಾಕಿದೆ. ಅದರ ಕಂಬಗಳಿಗೆ ಹಗ್ಗ ಕಟ್ಟಿ ಈಗಲೂ ಬಟ್ಟೆ ಒಣಗಿಸುತ್ತಾರೆ, ದ್ರಾಕ್ಷಿಯನ್ನು ಮಾತ್ರ ಯಾರೂ ಕಂಡಿಲ್ಲ. ಇನ್ನೊಮ್ಮೆ ಹಾರ್ಮೋನಿಯಂ ಕಲಿಯಲು ಕೂತೆ. ಆ ವರ್ಷವೇ ಪಕ್ಕದ ಮನೆಯವರು ಪರಿಗಿಗೆ ಮನೆ ಬದಲಾಯಿಸಿದರು. ತೋಟಕ್ಕೆ ಹತ್ತಿರವಾಗಲಿ ಎಂದು ಹೋಗುತ್ತಿದ್ದೇವೆ ಎಂದು ಅವರು ಹೇಳಿದ್ದನ್ನು ನಾನು ನಂಬಿದೆ, ಸರೋಜ ನಂಬಲಿಲ್ಲ. ಹೀಗೆ ಬಂದು ಹೋಗುತ್ತಿದ್ದ ಕಾಯಿಲೆ ಎರಡು ವರ್ಷದ ಹಿಂದೆ ಬಂದದ್ದು ಇನ್ನೂ ಹೋಗಿಲ್ಲ. ಅದರ ಹೆಸರು ಡಿಸ್ಕಸ್ ಮೀನು.

ಊಟದ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಕೆಂಪು ಕಣ್ಣು ಇಟ್ಟು, ಮೈತುಂಬ ನೀಲಿ ಗೆರೆ ಎಳೆದರೆ ಡಿಸ್ಕಸ್ ಆಗುತ್ತದೆ. ನನ್ನ ತಾಯಿ ಅದನ್ನು ತಟ್ಟೆ ಮೀನು ಎಂದೇ ಕರೆಯುವುದು. ಕಚೇರಿಯ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಒಂದು ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಅದನ್ನು ಮೊದಲು ನೋಡಿದೆ. ಅದು ಈಜುತ್ತಿರಲಿಲ್ಲ, ದೊಡ್ಡ ಮನೆತನದ ಹೆಂಗಸು ಮದುವೆ ಮನೆಯಲ್ಲಿ ಓಡಾಡುವ ಹಾಗೆ ನಿಧಾನವಾಗಿ ಅತ್ತಿಂದಿತ್ತ ಹೋಗಿ ಬರುತ್ತಿತ್ತು. ಅಂಗಡಿಯವನು ನನ್ನ ಊರು ಕೇಳಿದ. ಹೇಳಿದೆ. "ಹಿಂದೂಪುರದ ನೀರಿಗೆ ಇವು ಬೇಡ ಸಾರ್. ಬದುಕಿದ್ರೂ ಮರಿ ಮಾಡಲ್ಲ. ಬೇರೆ ಏನಾದ್ರೂ ತಗೊಂಡೋಗಿ" ಎಂದ. ಅವನು ಬೇಡ ಎನ್ನದಿದ್ದರೆ ನಾನು ಖಂಡಿತ ಬರಿಗೈಯಲ್ಲಿ ಬಸ್ಸು ಹತ್ತುತ್ತಿದ್ದೆ. ಬೇಡ ಎಂದ ಮೇಲೆ ಆರು ಮರಿ ತಂದೆ. ತಿಂಗಳೊಳಗೆ ಐದು ಸತ್ತವು. ಉಳಿದ ಒಂದು ಮಾತ್ರ ನನ್ನ ಹಾಗೆಯೇ ಹಟ ಹಿಡಿದು ಬದುಕಿಕೊಂಡಿತು. ಆ ದಿನವೇ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟೆ: ಹಿಂದೂಪುರದ ನೀರಿನಲ್ಲಿ, ನನ್ನ ಮನೆಯ ನಡುಮನೆಯಲ್ಲಿ, ಈ ಮೀನಿನ ಮರಿ ಮಾಡಿಸಿಯೇ ತೀರುತ್ತೇನೆ.

ನಾನು ರೇಷ್ಮೆ ಇಲಾಖೆಯಲ್ಲಿ ಇರುವವನು ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಹಳ್ಳಿಹಳ್ಳಿಗೆ ಹೋಗಿ, ರೇಷ್ಮೆಹುಳು ಸಾಕುವವರಿಗೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳುವುದೇ ನನ್ನ ಉದ್ಯೋಗ. ಹುಳದ ಮನೆಗೆ ಹೊಗೆ ತಾಗಿಸಬೇಡಿ, ಕಂಡಕಂಡವರನ್ನು ಒಳಗೆ ಬಿಡಬೇಡಿ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಜೀವ ಹುಟ್ಟಿಸಿ ಬೆಳೆಸುವ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಧೈರ್ಯ ಇತ್ತು. ಮುಂದೆ ಆದದ್ದೆಲ್ಲ ಆ ಧೈರ್ಯದಿಂದಲೇ ಆದದ್ದು.

ಮೊದಲ ತೊಂದರೆ ನೀರಿನದು. ನಮ್ಮ ಬೋರ್‌ವೆಲ್ ನೀರನ್ನು ಬಕೆಟ್ಟಿನಲ್ಲಿ ಎರಡು ದಿನ ಬಿಟ್ಟರೆ ಒಳಗೆಲ್ಲ ಸುಣ್ಣ ಬಳಿದ ಹಾಗಾಗುತ್ತದೆ. ಅದರಲ್ಲಿ ಸೋಪು ನೊರೆ ಬರುವುದಿಲ್ಲ, ತೊಗರಿಬೇಳೆ ಬೇಯುವುದಿಲ್ಲ. ಡಿಸ್ಕಸ್ಸಿಗೆ ಬೇಕಾದದ್ದು ಮೆದು ನೀರು, ಎಂದರೆ ನಮ್ಮ ಪಾಲಿಗೆ ಮಳೆ ನೀರು. ನಮ್ಮ ಕಡೆ ಮಳೆಯ ಹಣೆಬರಹ ಎಲ್ಲರಿಗೂ ಗೊತ್ತು. ತಾರಸಿಯ ಕೊಳವೆಗೆ ಎರಡು ದೊಡ್ಡ ಡ್ರಮ್ಮು ಹೊಂದಿಸಿಟ್ಟು, ಮೋಡ ಕಂಡರೆ ಕಚೇರಿಯಿಂದ ಸೈಕಲ್ಲು ತುಳಿದುಕೊಂಡು ಬಂದು, ಡ್ರಮ್ಮಿನ ಮುಚ್ಚಳ ತೆಗೆದು ನಿಲ್ಲುತ್ತಿದ್ದೆ. ಮೋಡ ಗೋರಂಟ್ಲದ ಕಡೆ ಹೋಗಿಬಿಡುತ್ತಿತ್ತು. ಅಂತೂ ಒಂದು ಮಳೆಗಾಲದಲ್ಲಿ ಎರಡೂ ಡ್ರಮ್ಮು ತುಂಬಿದವು. ಒಂದು ಸಂಜೆ ಬಂದು ನೋಡುತ್ತೇನೆ, ಒಂದು ಡ್ರಮ್ಮು ನಾಲ್ಕು ಬೆರಳು ಇಳಿದಿದೆ. ಸೋರಿಕೆ ಎಲ್ಲಿದೆಯೆಂದು ಡ್ರಮ್ಮಿನ ಸುತ್ತ ಕೈಯಾಡಿಸುತ್ತಿರುವಾಗ ಅಡಿಗೆಮನೆಯಿಂದ ಸರೋಜ ಕರೆದಳು.

"ಬೇಳೆ ಬೆಣ್ಣೆ ಆಗೈತೆ, ಬಂದು ಉಣ್ಣಿ. ಈ ಮನೆಗೆ ಬಂದು ಇಷ್ಟು ವರ್ಷಕ್ಕೆ ಇವತ್ತು ನೆಟ್ಟಗೆ ಸಾರು ಮಾಡಿವ್ನಿ."

ಉಂಡೆ. ನಿಜವಾಗಿಯೂ ಬೆಣ್ಣೆಯಾಗಿತ್ತು. ಬೈಯಬೇಕೆಂದು ಎದ್ದಿದ್ದ ಕೋಪ ಎರಡನೇ ತುತ್ತಿಗೆ ಇಳಿದುಹೋಯಿತು. ಮೀನಿಗೆ ಒಂದೂವರೆ ಡ್ರಮ್ಮು, ಬೇಳೆಗೆ ಅರ್ಧ ಎಂದು ಒಪ್ಪಂದವಾಯಿತು. ಆ ಒಪ್ಪಂದವನ್ನು ಯಾರು ಎಷ್ಟು ಪಾಲಿಸಿದರು ಎನ್ನುವುದನ್ನು ನಾನು ಕೆದಕಲು ಹೋಗಲಿಲ್ಲ, ಏಕೆಂದರೆ ಸಾರು ಮಾತ್ರ ದಿನವೂ ಚೆನ್ನಾಗಿರುತ್ತಿತ್ತು. ಊಟದ ವಿಷಯದಲ್ಲಿ ಮೀನು ನನ್ನಷ್ಟು ಸುಲಭದ್ದಲ್ಲ. ನೂಲು ಬಿಚ್ಚುವ ಮನೆಗಳಿಂದ ರೇಷ್ಮೆಗೂಡಿನೊಳಗಿನ ಹುಳು ತಂದು ಒಣಗಿಸಿ ಪುಡಿ ಮಾಡಿ ಹಾಕಿದರೆ ಮೂಸಿಯೂ ನೋಡಲಿಲ್ಲ. ಕೊನೆಗೆ ಅದು ಒಪ್ಪಿದ್ದು ಕುರಿಯ ಗುಂಡಿಗೆಯನ್ನು. ಪ್ರತಿ ಭಾನುವಾರ ನಾನು ಮಾಂಸದಂಗಡಿಯಲ್ಲಿ ಬೇರೇನೂ ಕೊಳ್ಳದೆ ಗುಂಡಿಗೆ ಮಾತ್ರ ಕೇಳುವುದನ್ನು ಕಂಡು, ಅಂಗಡಿಯವನು ಮನೆಯಲ್ಲಿ ಯಾರಿಗೆ ಆರೋಗ್ಯವಿಲ್ಲ ಎಂದು ಮರುಕದಿಂದ ವಿಚಾರಿಸುತ್ತಿದ್ದ.

ಎರಡನೆಯ ತೊಂದರೆ, ಒಂಟಿ ಮೀನು ಮರಿ ಮಾಡುವುದಿಲ್ಲ ಎನ್ನುವುದು. ಜೊತೆ ಎಲ್ಲಿಂದ ತರುವುದು ಎಂದು ಕೊರಗುತ್ತಿದ್ದಾಗ ಕಲ್ಯಾಣದುರ್ಗದ ರಂಗಣ್ಣನ ಪರಿಚಯವಾಯಿತು. ರಂಗಣ್ಣ ಅಲ್ಲಿ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್. ನಾನು ಕ್ಯಾಂಪಿಗೆ ಹೋಗಿದ್ದಾಗ ಕೆಮ್ಮಿಗೆ ಔಷಧಿ ಕೇಳಲು ಹೋದವನು, ಮಾತಿಗೆ ಮಾತು ಬೆಳೆದು, ಅವನ ಮನೆಯ ತೊಟ್ಟಿಯ ಮುಂದೆ ಹೋಗಿ ನಿಂತಿದ್ದೆ. ಅಲ್ಲೊಂದು ಡಿಸ್ಕಸ್ ಇತ್ತು. ನನ್ನದಕ್ಕಿಂತ ಅಗಲ, ನನ್ನದಕ್ಕಿಂತ ಗಾಂಭೀರ್ಯ. "ಹೆಣ್ಣು ಕಣಣ್ಣ. ಒಂಟಿಯಾಗೇ ಎರಡು ಸಲ ಮೊಟ್ಟೆ ಇಟ್ಟವಳೆ. ನೋಡಿದ್ರೆ ಹೊಟ್ಟೆ ಉರೀತದೆ" ಎಂದ ರಂಗಣ್ಣ. ನನ್ನದು ಗಂಡೇ ಇರಬೇಕು ಎಂದು ಇಬ್ಬರೂ ಅಲ್ಲೇ ತೀರ್ಮಾನಿಸಿದೆವು. ಅವನು ಸುಲಭಕ್ಕೆ ಕೊಡಲಿಲ್ಲ. ನಾಲ್ಕು ಸಲ ಹೋಗಿ ಕೇಳಿದೆ. ಐದನೆಯ ಸಲ ಒಂದು ಷರತ್ತು ಹಾಕಿದ: "ಯುಗಾದಿ ಒಳಗೆ ಮರಿ ಆಗ್ಬೇಕು. ಆಗ್ಲಿಲ್ಲಾ ಅಂದ್ರೆ ನಮ್ಮ ಹುಡುಗೀನ ವಾಪಸ್ ಕರ್ಕೊಂಡ್ಹೋಯ್ತೀನಿ. ಆಮೇಲೆ ನೀನು ಕೇಳ್ಬಾರ್ದು, ನಾನು ಕೊಡಬಾರ್ದು." ಆಗ ದಸರಾ ಕಳೆದು ವಾರವಾಗಿತ್ತು. ಯುಗಾದಿಗೆ ಬೇಕಾದಷ್ಟು ದಿನ ಇದೆ ಎಂದು ನಾನು ಕೈಮೇಲೆ ಕೈ ಹಾಕಿ ಮಾತು ಕೊಟ್ಟೆ.

ರಂಗಣ್ಣನ ಹೆಂಡತಿ ಮೀನಿದ್ದ ಕ್ಯಾನಿಗೆ ಅರಿಶಿನ ಕುಂಕುಮ ಹಚ್ಚಿ, ಹಿಡಿಯಷ್ಟು ಅಕ್ಕಿ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟು ಮಡಿಲು ತುಂಬಿದಳು. ಕ್ಯಾನಿಗೆ ಮಡಿಲು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಹಿಡಿಗೆ ಕಟ್ಟಿದ ರವಿಕೆ ಬಟ್ಟೆಯನ್ನು ನೋಡಿ ಬಸ್ಸಿನ ಕಂಡಕ್ಟರು ಒಳಗೆ ತುಪ್ಪವೋ ಜೇನೋ ಎಂದು ಕೇಳಿದ. ಹೆಣ್ಣು ಎಂದೆ. ಅವನು ಮುಂದೆ ಏನೂ ಕೇಳದೆ ದೂರದ ಸೀಟಿಗೆ ಹೋಗಿ ಕೂತ. ಹಿಂದೂಪುರದ ಮನೆ ಬಾಗಿಲಲ್ಲಿ ನನ್ನ ತಾಯಿ ಕ್ಯಾನಿಗೆ ಆರತಿ ಎತ್ತಿಯೇ ಒಳಗೆ ಬಿಟ್ಟಳು. ಅವಳಿಗೆ ಮೀನಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ, ಆದರೆ ಬೇರೆ ಊರಿನಿಂದ ಒಂದು ಹೆಣ್ಣುಜೀವ ಮನೆಗೆ ಬಂದಾಗ ನಡೆಯಬೇಕಾದ್ದು ನಡೆಯಲೇಬೇಕು ಎನ್ನುವವಳು. ಗಂಡು ಹೆಣ್ಣು ಮೊದಲ ವಾರ ಕಿತ್ತಾಡಿದವು. ಎರಡನೆಯ ವಾರ ಒಂದೇ ಮೂಲೆಯಲ್ಲಿ ನಿಂತವು. ತಿಂಗಳು ಕಳೆಯುವುದರೊಳಗೆ ಹೆಣ್ಣಿನ ಹೊಟ್ಟೆ ದಪ್ಪಗಾಯಿತು, ಎರಡೂ ಸೇರಿ ನಾನು ಬೋರಲು ಹಾಕಿದ್ದ ಮಣ್ಣಿನ ಕುಡಿಕೆಯನ್ನು ಬಾಯಿಂದ ಉಜ್ಜಿ ಶುಚಿ ಮಾಡತೊಡಗಿದವು. ನಾನು ಸಂತೋಷದಿಂದ ಕೂಗಿ ಹೇಳಿದೆ. ನನ್ನ ತಾಯಿ ತೊಟ್ಟಿಯ ಮುಂದೆ ನಿಂತು ಹೊಟ್ಟೆಯನ್ನು ಚೆನ್ನಾಗಿ ನೋಡಿದಳು.

"ಮೊದಲನೇ ಹೆರಿಗೆ ಕಣ್ಲಾ. ಇಲ್ಲಿ ಯಾಕೆ ಮಡಿಕ್ಕೊಂಡಿದ್ದೀಯ? ತವರಿಗೆ ಕಳ್ಸು" ಎಂದಳು.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ತಾಯಿಯ ಮಾತನ್ನು ತಳ್ಳಿಹಾಕಲಾರದೆ ಕಳಿಸಿದೆ ಎಂದು ಊರಿಗೆಲ್ಲ ಹೇಳಿದ್ದೇನೆ. ಅದು ಸುಳ್ಳು. ಅವಳ ಮಾತು ನನಗೆ ಸರಿಯೆನಿಸಿತ್ತು. ರೇಷ್ಮೆ ಚಿಟ್ಟೆಗಳನ್ನು ನಾವು ಏನು ಮಾಡುತ್ತೇವೆ? ಗಂಡು ಹೆಣ್ಣು ಕೂಡಿಸಿ, ಕೆಲವು ಗಂಟೆ ಬಿಟ್ಟು ಬೇರೆ ಮಾಡುತ್ತೇವೆ. ಆಮೇಲೆ ಹೆಣ್ಣು ಒಂಟಿಯಾಗಿ ಮೊಟ್ಟೆಯಿಡುತ್ತದೆ, ಗಂಡಿನ ಅಗತ್ಯವೇ ಇಲ್ಲ. ಇಪ್ಪತ್ತು ವರ್ಷ ಇದನ್ನೇ ನೋಡಿದ ನನ್ನ ತಲೆಗೆ, ಮೀನಿನ ಸಂಸಾರವೂ ಹೀಗೆಯೇ ಎಂದು ಹೊಳೆದುಬಿಟ್ಟಿತ್ತು. ತಿಂಗಳಿಂದ ಜೊತೆಗಿವೆ, ಆಗಬೇಕಾದ್ದೆಲ್ಲ ಆಗಿರುತ್ತದೆ. ಇನ್ನು ಹೆಣ್ಣಿಗೆ ನೆಮ್ಮದಿ ಮುಖ್ಯ, ಗಂಡು ಜೊತೆಗಿದ್ದರೆ ಮೊಟ್ಟೆ ತಿಂದರೂ ತಿಂದೀತು. ತಾಯಿಯ ಸಂಪ್ರದಾಯವೂ ನನ್ನ ವಿಜ್ಞಾನವೂ ಹೀಗೆ ಅಪರೂಪಕ್ಕೆ ಒಂದೇ ಕಡೆ ಸೇರಿದ್ದರಿಂದ ನಾನು ತಡಮಾಡಲಿಲ್ಲ. ಹೆಣ್ಣನ್ನು ಕ್ಯಾನಿಗೆ ಇಳಿಸಿ, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗಿ ಬಿಟ್ಟುಬಂದೆ. ರಂಗಣ್ಣ ಊರಲ್ಲಿರಲಿಲ್ಲ. ಅವನ ಹೆಂಡತಿ, "ಬಂದ್ಯೇನೇ ತಾಯಿ" ಎಂದು ಕ್ಯಾನಿನ ಮುಚ್ಚಳ ತೆಗೆದಳು.

ವಾರ ಬಿಟ್ಟು ರಂಗಣ್ಣನಿಂದ ಕಾಗದ ಬಂತು. ಹೆಣ್ಣು ಬಂದ ಮಾರನೆಯ ದಿನವೇ ಮೊಟ್ಟೆಯಿಟ್ಟಿದೆ, ಮೊಟ್ಟೆಯೆಲ್ಲ ಬೆಳ್ಳಗೆ ಬೂಸಲು ಹಿಡಿದಿವೆ ಎಂದು ಬರೆದಿದ್ದ. ಹೆಣ್ಣನ್ನು ಕರೆತರಲು ಹೋದಾಗ ಮುಖ ಕೊಟ್ಟು ಮಾತಾಡಲಿಲ್ಲ. "ಏಮಯ್ಯಾ ಬೀಗರೇ, ಮೀನು ಮೊಟ್ಟೆ ಇಟ್ಟ ಮೇಲಲ್ವಾ ಗಂಡು ಬಂದು ಅದರ ಮೇಲೆ ಬೀಜ ಬಿಡೋದು? ಗಂಡನ್ನ ಅಲ್ಲೇ ಬಿಟ್ಟು ಬಂದ್ಬುಟ್ರೆ ಮೊಟ್ಟೆ ಬೆಳ್ಳಗಾಗ್ದೆ ಇನ್ನೇನಾಯ್ತದೆ? ನಾನು ಸೀಸೆಗೆ ನೀರು ಬೆರೆಸೋ ಕಾಂಪೌಂಡರ್ರು, ನನಗೇ ಗೊತ್ತು. ನೀನು ಇಲಾಖೆಯೋನು." ನಾನು ಚಿಟ್ಟೆಯ ವಿಷಯ ವಿವರಿಸಲು ಬಾಯಿ ತೆರೆದೆ. ಅವನ ಹೆಂಡತಿ ಒಳಗಿನಿಂದ ಕಾಫಿ ತಂದಿಟ್ಟಿದ್ದರಿಂದ ಮಾನ ಉಳಿಯಿತು.

ಎರಡನೆಯ ಸಲ ಮೊಟ್ಟೆಯಿಟ್ಟಾಗ ಗಂಡು ಹೆಣ್ಣು ಎರಡೂ ಹಿಂದೂಪುರದಲ್ಲೇ ಇದ್ದವು. ಕುಡಿಕೆಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಸಾಲುಸಾಲಾಗಿ ಕೂತಿದ್ದವು, ತಂದೆ ತಾಯಿ ಸರದಿಯ ಮೇಲೆ ರೆಕ್ಕೆಯಿಂದ ಗಾಳಿ ಬೀಸುತ್ತಿದ್ದವು. ಇಂಥ ದೃಶ್ಯವನ್ನು ಒಬ್ಬನೇ ನೋಡುವುದು ಸ್ವಾರ್ಥ. ಬೀದಿಯವರನ್ನೆಲ್ಲ ಕರೆದೆ. ನಡುಮನೆಯಲ್ಲಿ ಜಾಗ ಸಾಲದೆ ಬಾಗಿಲಾಚೆಯೂ ಜನ ನಿಂತರು. ಇಷ್ಟು ಸಣ್ಣ ಮೊಟ್ಟೆ ಎಷ್ಟು ಹುರಿದರೆ ಒಂದು ಊಟಕ್ಕಾದೀತು ಎಂದು ಒಬ್ಬರು ಕೇಳಿದರು. ಎಲ್ಲರೂ ಹೋದ ಮೇಲೆ ನನ್ನ ತಾಯಿಗೆ ದಿಗಿಲು ಶುರುವಾಯಿತು. "ಅಷ್ಟು ಜನರ ಕಣ್ಣು ಬಿದ್ದೈತೆ" ಎಂದು ಕೆಂಡದ ಬಾಣಲೆ ತಂದು ತೊಟ್ಟಿಯ ಪಕ್ಕದಲ್ಲೇ ಇಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಅದಕ್ಕೆ ಹಾಕಿದಳು. ನಮ್ಮಲ್ಲಿ ಇದಕ್ಕೊಂದು ಪರೀಕ್ಷೆಯಿದೆ: ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ ಎಂದರ್ಥ. ಘಾಟು ಬರಲಿಲ್ಲ. "ನೋಡ್ದಾ, ಎಷ್ಟು ಬಿದ್ದಿತ್ತು" ಎಂದು ತಾಯಿ ಸಮಾಧಾನದಿಂದ ಒಳಗೆ ಹೋದಳು. ತೊಟ್ಟಿಗೆ ಗಾಳಿ ಹಾಕುವ ಪುಟ್ಟ ಪಂಪು ಆ ಬಾಣಲೆಗೆ ಒಂದು ಗೇಣು ದೂರದಲ್ಲಿತ್ತು. ಘಾಟೆಲ್ಲ ಅದರ ಹೊಟ್ಟೆ ಸೇರಿ, ಅಲ್ಲಿಂದ ಕೊಳವೆಯಲ್ಲಿ ಹೋಗಿ, ನೀರಿನಲ್ಲಿ ಗುಳುಗುಳು ಎಂದು ಏಳುತ್ತಿತ್ತು. ಮೀನುಗಳೆರಡೂ ಮೈ ಕಪ್ಪಾಗಿ ಮೂಲೆ ಸೇರಿದವು. ಇದ್ದ ನೀರನ್ನೆಲ್ಲ ಬಸಿದು, ಬೇಳೆಯ ಪಾಲನ್ನೂ ಸೇರಿಸಿ ಹೊಸ ನೀರು ತುಂಬಿ ಅವುಗಳ ಜೀವ ಉಳಿಸಿಕೊಂಡೆ. ಮೊಟ್ಟೆ ಉಳಿಯಲಿಲ್ಲ. ಹುಳದ ಮನೆಗೆ ಹೊಗೆ ತಾಗಿಸಬೇಡಿ ಎಂದು ಮಾರನೆಯ ದಿನ ಪರಿಗಿಯಲ್ಲಿ ಭಾಷಣ ಮಾಡುವಾಗ ನಾಲಿಗೆ ಸ್ವಲ್ಪ ತೊದಲಿತು.

ಮೂರನೆಯ ಸಲ ಯಾರನ್ನೂ ಕರೆಯಲಿಲ್ಲ, ತಾಯಿಗೂ ಹೇಳಲಿಲ್ಲ. ಜವಾಬ್ದಾರಿಯನ್ನೆಲ್ಲ ನಾನೊಬ್ಬನೇ ಹೊತ್ತುಕೊಂಡೆ. ಮೂರು ದಿನ ರಜೆ ಹಾಕಿ, ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತೆ. ಕಚೇರಿಯ ಭೂತಗನ್ನಡಿಯನ್ನು ಗಾಜಿಗೆ ಒತ್ತಿ ಮೊಟ್ಟೆಗಳನ್ನು ಪರೀಕ್ಷಿಸಿದೆ. ನೀರು ಬೆಚ್ಚಗಿದೆಯೇ ಎಂದು ಗಂಟೆಗೊಮ್ಮೆ ಕೈಯಿಟ್ಟು ನೋಡಿದೆ. ಕರೆಂಟು ಹೋದಾಗ ತೊಟ್ಟಿಗೆ ಕುಂದುರ್ಪಿಯ ಕಂಬಳಿ ಹೊದಿಸಿ, ಕಂಬಳಿಯ ಒಳಗೆ ತಲೆ ತೂರಿಸಿ ಟಾರ್ಚು ಬಿಟ್ಟು ನೋಡಿದೆ. ಹೆತ್ತ ತಂದೆಗೂ ಇಷ್ಟು ಕಾಳಜಿ ಇರಲಾರದು. ಎರಡನೆಯ ದಿನ ಮಧ್ಯಾಹ್ನ, ನನ್ನ ಕಣ್ಣೆದುರಿಗೇ, ಗಂಡು ಮೀನು ಬೀಸುವುದನ್ನು ನಿಲ್ಲಿಸಿ ನನ್ನನ್ನೇ ಒಂದು ಕ್ಷಣ ನೋಡಿತು. ಆಮೇಲೆ ತಿರುಗಿ, ಒಂದೊಂದಾಗಿ ಮೊಟ್ಟೆಗಳನ್ನು ನುಂಗತೊಡಗಿತು. ಹೆಣ್ಣೂ ಬಂದು ಸೇರಿಕೊಂಡಿತು. ಐದು ನಿಮಿಷದಲ್ಲಿ ಕುಡಿಕೆ ತೊಳೆದಿಟ್ಟ ಹಾಗಾಯಿತು. ನನಗೆ ಅಳು ಬಂತು ಎಂದರೆ ನಗಬೇಡಿ. ಭೂತಗನ್ನಡಿ ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ. ಸರೋಜ ಬಂದು ನೋಡಿ, ನನ್ನ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟು ಹೋದಳು.

ಯುಗಾದಿಗೆ ಒಂದೂವರೆ ತಿಂಗಳು ಉಳಿಯಿತು. ರಂಗಣ್ಣ ಕಾಗದದಲ್ಲಿ, "ಹುಡುಗಿ ಹೆಂಗವಳೆ" ಎಂದು ಕೇಳುವುದನ್ನು ನಿಲ್ಲಿಸಿ, "ಯಾವಾಗ ಬರ್ಲಿ" ಎಂದು ಕೇಳತೊಡಗಿದ್ದ. ನಾನು ಕಾರಣ ಹುಡುಕತೊಡಗಿದೆ. ಗಂಡಿನ ಸ್ವಭಾವ ಸರಿಯಿಲ್ಲ ಎಂದೆ. ಹೆಣ್ಣಿಗೆ ತವರಿನ ಚಿಂತೆ ಎಂದೆ. ಬೇಳೆಗೆ ನೀರು ಹೋಗಿ ಮೀನಿಗೆ ಕಡಿಮೆಯಾಯಿತು ಎಂದು ಒಂದು ದಿನ ಬಾಯಿತಪ್ಪಿ ಅಂದುಬಿಟ್ಟು, ಮೂರು ದಿನ ಬೇಯದ ಬೇಳೆಯ ಸಾರು ಉಂಡೆ. ಛಲ ಮಾತ್ರ ಬಿಡಲಿಲ್ಲ. ಮುಂದಿನ ಸಲ ಮೂರು ದಿನವಲ್ಲ, ಹದಿನೈದು ದಿನ ರಜೆ ಹಾಕಿ, ಕಣ್ಣು ಮಿಟುಕಿಸದೆ ಕಾಯುವುದು ಎಂದು ನಿಶ್ಚಯಿಸಿದೆ. ರಜೆಯ ಅರ್ಜಿಯನ್ನೂ ಬರೆದು ಜೇಬಿನಲ್ಲಿಟ್ಟುಕೊಂಡೆ.

ನಾಲ್ಕನೆಯ ಸಲ ಮೊಟ್ಟೆಯಿಟ್ಟ ದಿನವೇ ಕಚೇರಿಯಲ್ಲಿ ಆದೇಶ ಬಂತು. ಕಲ್ಯಾಣದುರ್ಗದ ಕಡೆಯ ಹಳ್ಳಿಗಳಲ್ಲಿ ಹತ್ತು ದಿನ ತರಬೇತಿ, ನಾಳೆಯೇ ಹೊರಡಬೇಕು. ಅರ್ಜಿಯನ್ನು ಮುಂದಿಟ್ಟೆ. ನಮ್ಮ ಸಾಹೇಬರು ಓದಿ, "ಇಂಟ್ಲೋ ಡೆಲಿವರಿಯಾ? ಎವರಿಕಿ?" ಎಂದು ತೆಲುಗಿನಲ್ಲಿ, ಮನೆಯಲ್ಲಿ ಹೆರಿಗೆ ಯಾರಿಗೆಂದು ಕೇಳಿದರು. ನಾನು ನಿಜ ಹೇಳಿದೆ. ಅವರು ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಮನೆಗೆ ಬಂದು ಸರೋಜಳ ಮುಂದೆ ಗೋಳಾಡಿದೆ, ಹೊಟ್ಟೆನೋವೆಂದು ಮಲಗಿಬಿಡುತ್ತೇನೆ ಎಂದೆ. ಅವಳು ನನ್ನ ಪಂಚೆ ಅಂಗಿ ಬ್ಯಾಗಿಗೆ ತುಂಬುತ್ತಲೇ ಇದ್ದಳು.

"ನಮ್ಮ ಮಗಳು ಹುಟ್ಟೋವಾಗ ಸೂಲಗಿತ್ತಿ ನಿಮ್ಮನ್ನ ಆಚೆಗೆ ಕಳ್ಸಿ ಚಿಲಕ ಹಾಕ್ಕೊಂಡಿದ್ಲು. ಬಾಗಿಲ ಸಂದೀಲಿ ಇಣುಕಿ ಇಣುಕಿ, ಕಾಯ್ತಾ ಐತಾ ನೀರು, ಅಂತ ಕೇಳ್ತಿದ್ರಂತೆ. ಈ ಮೀನಿಗೆ ಚಿಲಕ ಹಾಕ್ಕೊಳಕ್ಕೆ ಬರಲ್ಲ. ನೀವು ಹೋಗಿ ಬನ್ನಿ, ನಾನು ನೋಡ್ಕೊತೀನಿ."

ರಾತ್ರಿಯೆಲ್ಲ ಕೂತು ನಾಲ್ಕು ಹಾಳೆ ಸೂಚನೆ ಬರೆದಿಟ್ಟು ಹೊರಟೆ. ರಂಗಣ್ಣನ ಮನೆಯಲ್ಲೇ ಉಳಿದುಕೊಂಡೆ. ಬೆಳಗಾದರೆ ಹಳ್ಳಿ, ಸಂಜೆಯಾದರೆ ಫೋನಿನ ಅಂಗಡಿ. ನಮ್ಮ ಎದುರು ಮನೆಯವರ ಫೋನಿಗೆ ಮಾಡಿ, ಅವರು ಸರೋಜಳನ್ನು ಕೂಗಿ ಕರೆದು, ಅವಳು ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ನನಗೆ ಬೆವರು ಹರಿಯುತ್ತಿತ್ತು. "ಹೆಂಗವೆ?" ಎಂದರೆ "ಅವೆ" ಎನ್ನುತ್ತಿದ್ದಳು. "ಮೊಟ್ಟೆ ಲೆಕ್ಕ ಹಾಕಿದ್ಯಾ?" ಎಂದರೆ "ಇಡ್ಲಾ ಫೋನು?" ಎನ್ನುತ್ತಿದ್ದಳು. ಅವಳು ಏನೋ ಮುಚ್ಚಿಡುತ್ತಿದ್ದಾಳೆ, ಮೊಟ್ಟೆಗಳು ಹೋಗಿವೆ ಎಂದು ನನಗೆ ಖಚಿತವಾಯಿತು. ರಂಗಣ್ಣನ ಹೆಂಡತಿ, ಹುಡುಗಿಯನ್ನು ವಾಪಸ್ ಕರೆತರಲೆಂದು, ಹಿತ್ತಿಲಲ್ಲಿ ಒಂದು ಕ್ಯಾನನ್ನು ತೊಳೆದು ಬೋರಲು ಹಾಕಿದ್ದಳು. ನಾನು ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟೆ.

ಐದನೆಯ ದಿನ ಕುಂದುರ್ಪಿಯ ಹತ್ತಿರದ ಒಂದು ಊರಿನಲ್ಲಿ ತರಬೇತಿ. ಬಾವಿಯಿದ್ದ ನಾಲ್ಕೈದು ಮನೆಯವರು ಹೊಸದಾಗಿ ಹುಳು ಸಾಕತೊಡಗಿದ್ದರು. ನಾನು ಎಂದಿನ ಪಾಠ ಒಪ್ಪಿಸಿದೆ. ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡಲು ತಲೆಯೆತ್ತಿ ಅಲುಗಾಡದೆ ನಿಂತಾಗ, ಅದನ್ನು ಮುಟ್ಟಬಾರದು, ತಟ್ಟೆ ಅಲುಗಿಸಬಾರದು, ಪದೇಪದೇ ಬಾಗಿಲು ತೆರೆದು ನೋಡಬಾರದು ಎಂದೆ. ಮುಂದೆ ಕೂತಿದ್ದ ಒಬ್ಬ ಅಜ್ಜಿ ಎಲೆಯಡಿಕೆ ಒಂದು ಕಡೆಗೆ ಒತ್ತಿಕೊಂಡು ಕೇಳಿದಳು:

"ಅದೆಲ್ಲ ನಮಗೆ ಗೊತ್ತೈತೆ ಸಾಮಿ. ಹುಳದ ಕಾಟ ಏನಿಲ್ಲ. ನಮ್ಮನೆ ಗಂಡಸ್ನ ಏನ್ ಮಾಡಾದು ಹೇಳು. ಗಳಿಗೆಗೊಂದು ದಪ ಒಳಗೆ ಹೋಯ್ತಾನೆ, ದೀಪ ಹಿಡೀತಾನೆ, ಬೆಳದ್ವಾ ಬೆಳದ್ವಾ ಅಂತಾನೆ. ಹೋದ ಬೆಳೆ ಅವನ ಕಣ್ಣಾಗೇ ಸತ್ತೋಯ್ತು."

ಎಲ್ಲರೂ ನಕ್ಕರು. ಅಜ್ಜಿಯ ಪಕ್ಕದಲ್ಲಿ ಒಬ್ಬ ಮುದುಕ ತಲೆ ತಗ್ಗಿಸಿ ಕೂತಿದ್ದ, ಅವನೇ ಇರಬೇಕು. ದೀಪ ಹಿಡಿಯುವ ಆ ಮುದುಕನ ಜಾಗದಲ್ಲಿ ಭೂತಗನ್ನಡಿ ಹಿಡಿದ ನಾನು ಕಂಡೆ, ಕಂಬಳಿಯೊಳಗೆ ತಲೆ ತೂರಿಸಿದ ನಾನು ಕಂಡೆ. ಗಂಡು ಮೀನು ಮೊಟ್ಟೆ ತಿನ್ನುವ ಮೊದಲು ನನ್ನನ್ನು ಯಾಕೆ ನೋಡಿತು ಎನ್ನುವುದು ಆಗ ತಿಳಿಯಿತು. ದೊಡ್ಡದೊಂದು ಮುಖ, ಗಾಜಿನಲ್ಲಿ ಇನ್ನೂ ದೊಡ್ಡದಾದ ಒಂದು ಕಣ್ಣು, ಹಗಲೂ ರಾತ್ರಿ ಮಕ್ಕಳನ್ನೇ ದಿಟ್ಟಿಸುತ್ತಿದ್ದರೆ ಯಾವ ತಂದೆ ತಾನೇ ಏನು ಮಾಡಿಯಾನು? ಬೇರೆಯವರಿಗೆ ಸಿಗುವುದಕ್ಕಿಂತ ತನ್ನ ಹೊಟ್ಟೆಯೊಳಗಿರಲಿ ಎಂದುಕೊಂಡಿರಬೇಕು. ನಾಚಿಕೆಯಾಯಿತು. ಅಜ್ಜಿ ಉತ್ತರಕ್ಕೆ ಕಾಯುತ್ತಿದ್ದಳು. "ಅವರನ್ನ ನಾಲ್ಕು ದಿನ ಎಲ್ಲಾದರೂ ನೆಂಟರ ಮನೆಗೆ ಕಳ್ಸಿ ಅಜ್ಜಿ" ಎಂದೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಅದೊಂದೇ ನನ್ನ ಸ್ವಂತ ಅನುಭವದ್ದು.

ಆ ಸಂಜೆ ಫೋನು ಮಾಡಿದಾಗ ನಾನು ಏನನ್ನೂ ಕೇಳಲಿಲ್ಲ. "ಊಟ ಆಯ್ತಾ?" ಎಂದೆ ಅಷ್ಟೆ. ಸರೋಜಳೇ ದನಿ ತಗ್ಗಿಸಿ ಹೇಳಿದಳು: "ಮರಿ ಆಗವೆ ಕಣ್ರೀ. ಇವತ್ತು ಈ ಕಡೆ ಆ ಕಡೆ ಓಡಾಡಿ, ಈಗ ಅಪ್ಪನ ಮೈಗೆ ಅಂಟ್ಕೊಂಡವೆ." ಫೋನಿನ ಅಂಗಡಿಯವನು ಏನಾಯಿತು ಸಾರ್ ಎಂದು ಕೇಳಿದ, ಕಣ್ಣು ಒರೆಸಿಕೊಳ್ಳುವುದನ್ನು ನೋಡಿರಬೇಕು. ಈಗಲೇ ಹೊರಟು ಬರುತ್ತೇನೆ ಎಂದೆ. "ಬರಬೇಡಿ" ಎಂದಳು. ತರಬೇತಿ ಮುಗಿದ ದಿನ ಮತ್ತೆ ಕೇಳಿದೆ. "ಇನ್ನೊಂದು ನಾಲ್ಕು ದಿನ ಇದ್ಬುಟ್ಟು ಬನ್ನಿ, ಸ್ವಲ್ಪ ಗಟ್ಟಿಯಾಗ್ಲಿ" ಎಂದಳು. ಮನೆಯಿದ್ದೂ, ಬಸ್ಸಿದ್ದೂ, ಕೆಲಸವಿಲ್ಲದೆ ನಾಲ್ಕು ದಿನ ಬೇರೆ ಊರಿನಲ್ಲಿ ಕೂರುವುದು ಎಷ್ಟು ಕಷ್ಟ ಎಂದು ಕೂತವರಿಗೇ ಗೊತ್ತು. ರಂಗಣ್ಣನ ಔಷಧಿ ಸೀಸೆಗಳಿಗೆಲ್ಲ ಚೀಟಿ ಅಂಟಿಸಿ ಮುಗಿಸಿದೆ. ಅವನ ಹೆಂಡತಿಯೂ ಎರಡನೆಯ ದಿನದ ಹೊತ್ತಿಗೆ ನನ್ನನ್ನು ತವರಿಗೆ ಬಂದವರ ಹಾಗೆ ನೋಡಿಕೊಳ್ಳತೊಡಗಿದಳು. ಸಂಜೆಯಾದರೆ ಬಿಸಿನೀರು ಕಾಯಿಸಿಡುತ್ತಿದ್ದಳು.

ಕೊನೆಗೂ ಅಪ್ಪಣೆ ಸಿಕ್ಕಿ ನಾನೂ ರಂಗಣ್ಣನೂ ಒಟ್ಟಿಗೆ ಹೊರಟೆವು. ನಡುಮನೆಯಲ್ಲಿ ತೊಟ್ಟಿಯೇ ಕಾಣಲಿಲ್ಲ. ಅದರ ಸುತ್ತ ಸರೋಜಳ ಹಳೆಯ ಸೀರೆ ಇಳಿಬಿಟ್ಟಿತ್ತು. ಸೀರೆಯ ಒಂದು ಹರಕಿನಲ್ಲಿ ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು ನೋಡಬೇಕೆಂದು ಅವಳು ಕಟ್ಟಪ್ಪಣೆ ಮಾಡಿದಳು. ನೋಡಿದೆ. ಗಂಡು ಮೀನಿನ ಮೈಯೆಲ್ಲ ಎಳ್ಳು ಚೆಲ್ಲಿದ ಹಾಗೆ ಮರಿಗಳು ಅಂಟಿಕೊಂಡು ಮೈಯ ಲೋಳೆಯನ್ನು ತಿನ್ನುತ್ತಿದ್ದವು. ಅದಕ್ಕೆ ಸುಸ್ತಾದಾಗ ಮೈ ಒಂದು ಸಲ ಅದುರಿಸಿತು, ಮರಿಗಳೆಲ್ಲ ಮೋಡದ ಹಾಗೆ ಎದ್ದು ತಾಯಿಯ ಮೈಗೆ ಹೋಗಿ ಕೂತವು. ಬೆಂಗಳೂರಿನ ಅಂಗಡಿಯವನಿಗೆ ಈ ತೊಟ್ಟಿಯನ್ನು ಹೊತ್ತುಕೊಂಡು ಹೋಗಿ ತೋರಿಸಬೇಕೆನಿಸಿತು. ರಂಗಣ್ಣ ಹರಕಿನಿಂದ ಕಣ್ಣು ತೆಗೆಯದೆ, "ಇಲ್ಲೇ ಇರ್ಲಿ ಬುಡು, ಸಂಸಾರಸ್ಥೆ ಆಗೋದ್ಲು" ಎಂದ. ನಾನು ಸರೋಜಳನ್ನು ಕೇಳಿದೆ, ನಾನು ಬರೆದಿಟ್ಟ ಸೂಚನೆ ಓದಿದೆಯಾ ಎಂದು.

"ಓದ್ದೆ. ನಾಲ್ಕು ಹಾಳೇಲಿ ಮೂವತ್ತೊಂದು ಕಡೆ 'ನೋಡು' ಅಂತ ಬರ್ದಿದ್ರಿ. ನಾನು ಸೀರೆ ಕಟ್ದೆ."

ಇದಾಗಿ ಒಂದು ವರ್ಷವಾಯಿತು. ಆ ಜೋಡಿ ಆಮೇಲೂ ಮೂರು ಸಲ ಮರಿ ಮಾಡಿದೆ. ಹಿಂದೂಪುರದ ನೀರಿನಲ್ಲಿ ಡಿಸ್ಕಸ್ ಮರಿ ಮಾಡಿಸಿದವರು ಎಂದು ನನ್ನನ್ನು ಹುಡುಕಿಕೊಂಡು ಜನ ಬರುತ್ತಾರೆ, ನಾನು ಮಳೆನೀರು, ಕುರಿಯ ಗುಂಡಿಗೆ, ಮಣ್ಣಿನ ಕುಡಿಕೆಗಳ ಬಗ್ಗೆ ಒಂದು ಗಂಟೆ ಮಾತಾಡುತ್ತೇನೆ, ಸರೋಜ ಕಾಫಿ ತಂದಿಟ್ಟು, "ನಿಮಗೆ ಪರ ಊರಲ್ಲಿ ನೆಂಟರು ಯಾರಾದ್ರೂ ಅವ್ರಾ ಅಣ್ಣಾ?" ಎಂದು ಅವರನ್ನು ವಿಚಾರಿಸುತ್ತಾಳೆ. ಕಚೇರಿಯಲ್ಲೂ ನನ್ನ ಹೆಸರು ಏರಿದೆ. "ಕಳ್ಯಾಣದುರ್ಗಂ ಕ್ಯಾಂಪುಕಿ ಎವರು ಪೋತಾರಯ್ಯಾ?" ಎಂದು, ಕ್ಯಾಂಪಿಗೆ ಯಾರು ಹೋಗುತ್ತೀರೆಂದು, ಸಾಹೇಬರು ಕೇಳಿದಾಗ ಉಳಿದವರೆಲ್ಲ ಫೈಲು ತಿರುವಿಹಾಕುತ್ತಾರೆ, ನಾನೊಬ್ಬ ಎದ್ದು ನಿಲ್ಲುತ್ತೇನೆ. ಇಂಥ ಕರ್ತವ್ಯನಿಷ್ಠೆಯನ್ನು ಎಲ್ಲರೂ ಕಲಿಯಬೇಕು ಎಂದು ಅವರು ಹೇಳಿದಾಗ ವಿನಯದಿಂದ ತಲೆ ಬಾಗಿಸುತ್ತೇನೆ.

ಇದನ್ನೂ ಕಲ್ಯಾಣದುರ್ಗದಲ್ಲಿ, ರಂಗಣ್ಣನ ಜಗುಲಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ಇಂದಿಗೆ ನಾಲ್ಕನೆಯ ದಿನ. ಕ್ಯಾಂಪು ನಿನ್ನೆಯೇ ಮುಗಿಯಿತು. ಮಧ್ಯಾಹ್ನ ಸರೋಜಳ ಕಾಗದ ಬಂತು: ಎಲ್ಲ ಕ್ಷೇಮ, ಮೊಟ್ಟೆ ಒಡೆದು ಮರಿ ಆಗಿವೆ, ಬರಬೇಡಿ. ಇಷ್ಟು ದಿನ ಹಿಡಿದ ಹಟಗಳೆಲ್ಲ ಏನಾದರೂ ಮಾಡುವ ಹಟಗಳು, ಏನೂ ಮಾಡದೆ ಕೂರುವ ಹಟ ಇದೇ ಮೊದಲು. ಆದರೂ ಗಟ್ಟಿಯಾಗಿಯೇ ಕೂತಿದ್ದೇನೆ. ಬೆಳಿಗ್ಗೆ ಆರಕ್ಕೆ ಪೆನುಕೊಂಡದ ಬಸ್ಸಿದೆಯಂತೆ. ಹೊರಡುವುದಕ್ಕಲ್ಲ, ಸುಮ್ಮನೆ ವಿಚಾರಿಸಿದೆ.